ಮಕ್ಕಳ ಮೆಡಿಕೈಡ್ ಇದೆಯಾ? ನಿಮ್ಮ ವಿಳಾಸ ಸರಿಯಿದೆಯಾ ನೋಡಿಕೊಳ್ಳಿ

ಅಮೆರಿಕದಲ್ಲಿ ಕೆಲಸ ಹೋಗಿಯೋ ಸಂಬಳ ಕಮ್ಮಿಯಾಗಿಯೋ ಮಕ್ಕಳನ್ನು ಮೆಡಿಕೈಡ್‌ಗೆ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಸೇರಿಸಿರುವ ಕನ್ನಡದವರು ದಯವಿಟ್ಟು ಓದಿ. ಹೇಳಿಕೊಳ್ಳಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ.

2023ರ ಸೆಪ್ಟೆಂಬರ್. ಚಿಕ್ಕವನಿಗೆ ರಾತ್ರಿಯೆಲ್ಲ ಉಬ್ಬಸ. ಬೆಳಿಗ್ಗೆ ಇನ್‌ಹೇಲರ್ ತರಲು ಹೋದರೆ ಫಾರ್ಮಸಿಯಾಕೆ ಕಂಪ್ಯೂಟರ್ ನೋಡಿ, "ಇವನ ಇನ್ಶೂರೆನ್ಸ್ ಹೋದ ತಿಂಗಳೇ ನಿಂತಿದೆಯಲ್ಲ" ಅಂದಳು. ಮೂರು ವರ್ಷದಿಂದ ಬಳಸಿದ್ದ ಕಾರ್ಡು ಕೈಯಲ್ಲೇ ಇತ್ತು. ಪೂರ್ತಿ ದುಡ್ಡು ಕೊಟ್ಟು ತಂದೆ.

ಕೋವಿಡ್ ಕಾಲದಲ್ಲಿ ಮೆಡಿಕೈಡ್‌ನಿಂದ ಹೆಸರು ತೆಗೆಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದರು. ಅದು 2023ರ ಮಾರ್ಚ್ 31ಕ್ಕೆ ಮುಗಿದು, ಎಲ್ಲರ ಅರ್ಹತೆಯನ್ನೂ ಹೊಸದಾಗಿ ನೋಡಲು ಶುರುಮಾಡಿದರು. ನಮ್ಮ ರಿನ್ಯೂವಲ್ ಫಾರಂ ಹಳೇ ಅಪಾರ್ಟ್‌ಮೆಂಟಿಗೆ ಹೋಗಿತ್ತು. ಮನೆ ಬದಲಿಸಿದಾಗ ಬ್ಯಾಂಕಿಗೆ, ಶಾಲೆಗೆ ಎಲ್ಲ ಹೇಳಿದ್ದೆ, ಮೆಡಿಕೈಡ್ ಆಫೀಸಿಗೆ ಹೇಳಿರಲಿಲ್ಲ. ಫಾರಂ ತುಂಬಿ ಕಳಿಸಲಿಲ್ಲವೆಂದು ಹೆಸರು ಹೊಡೆದರು. ಆದಾಯ ಜಾಸ್ತಿ ಎಂದಲ್ಲ, ಕಾಗದ ತಲುಪಲಿಲ್ಲ ಎಂದು! ಆ ಸುತ್ತಿನಲ್ಲಿ ಹೊರಬಿದ್ದವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನರದ್ದು ಇಂಥದೇ ಕಥೆ.

ಇದಕ್ಕಿಂತ ದೊಡ್ಡ ತಪ್ಪು ನಾನು ಆಮೇಲೆ ಮಾಡಿದ್ದು. ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸಂಬಳ ಬಂತಲ್ಲ, ಇನ್ನು ಮಕ್ಕಳಿಗೂ ಕೊಡಲಾರರು ಎಂದುಕೊಂಡು ಎರಡು ತಿಂಗಳು ಸುಮ್ಮನಿದ್ದೆ. ಆ ನಡುವೆ ಒಂದು ರಾತ್ರಿ ಎಮರ್ಜೆನ್ಸಿಗೆ ಓಡಿದ್ದಾಯಿತು. ಅದರ ಬಿಲ್ಲನ್ನು ಕಂತಿನಲ್ಲಿ ಕಟ್ಟಿದೆ.

ನಮಗೂ ಮಕ್ಕಳಿಗೂ ಆದಾಯದ ಮಿತಿ ಒಂದೇ ಅಲ್ಲ. ಮೆಡಿಕೈಡನ್ನು ಇನ್ನೂ ಹೆಚ್ಚು ದೊಡ್ಡವರಿಗೆ ವಿಸ್ತರಿಸಲು ಒಪ್ಪಿದ ರಾಜ್ಯಗಳಲ್ಲಿ ದೊಡ್ಡವರಿಗೆ ಬಡತನ ರೇಖೆಯ ಶೇ. 138ರವರೆಗೆ. ಮಕ್ಕಳಿಗೆ ಚಿಪ್ ಯೋಜನೆಯೂ (ಮೆಡಿಕೈಡ್ ಮಿತಿ ದಾಟಿದ ಮನೆಗಳ ಮಕ್ಕಳಿಗಿರುವ ಸರ್ಕಾರಿ ವಿಮೆ) ಸೇರಿ ಬಹುಪಾಲು ರಾಜ್ಯಗಳಲ್ಲಿ ಶೇ. 200 ಅಥವಾ ಅದಕ್ಕೂ ಮೇಲೆ. ನನ್ನ ಹೆಸರು ಹೋಯಿತು, ಇಬ್ಬರು ಮಕ್ಕಳಿಗೂ ಚಿಪ್ ಸಿಕ್ಕಿತು. ಹೆಸರು ತೆಗೆದು 90 ದಿನದೊಳಗೆ ಫಾರಂ ಕೊಟ್ಟದ್ದರಿಂದ ಹೊಸ ಅರ್ಜಿಯೂ ಬೇಕಾಗಲಿಲ್ಲ. ಇದನ್ನೆಲ್ಲ ಹೇಳಿದ್ದು ಮಗನ ಶಾಲೆಯ ನರ್ಸ್, ಮೆಡಿಕೈಡ್ ಆಫೀಸಿನವರಲ್ಲ. ಆಫೀಸಿನ ಫೋನಿನಲ್ಲಿ ಗಂಟೆಗಟ್ಟಲೆ ಸಂಗೀತ ಕೇಳಿದ್ದಷ್ಟೇ ಬಂತು.

2024ರ ಜನವರಿಯಿಂದ ಮಕ್ಕಳನ್ನು ಒಮ್ಮೆ ಸೇರಿಸಿಕೊಂಡರೆ ಸಾಮಾನ್ಯವಾಗಿ 12 ತಿಂಗಳು ತೆಗೆಯುವಂತಿಲ್ಲ. ಆದರೆ ಮುಂದಿನ ರಿನ್ಯೂವಲ್ ಫಾರಂನ ಲಕೋಟೆ ಯಾವ ವಿಳಾಸಕ್ಕೆ ಹೋಗುತ್ತದೆ ಎಂಬುದನ್ನು ಇವತ್ತೇ ರಾಜ್ಯದ ಪೋರ್ಟಲ್‌ಗೆ ಹೋಗಿ ನೋಡಿ. ಫೋನ್ ನಂಬರನ್ನೂ ನೋಡಿ, ನಮ್ಮದು ಅದೂ ಹಳೆಯದೇ ಇತ್ತು.