ಟರ್ಬೊ ಇರುವ ಎಂಜಿನ್‌ಗೆ ಯಾವ ಕ್ಯಾಮ್, ಇಲ್ಲದ್ದಕ್ಕೆ ಯಾವುದು?

ಒಂದೇ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ, ಮೊದಲು ಟರ್ಬೊ (ಎಕ್ಸಾಸ್ಟ್ ಅನಿಲದ ಬಲದಿಂದ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದೆ, ಆಮೇಲೆ ಟರ್ಬೊ ಕೂರಿಸಿ, ಎರಡು ಕ್ಯಾಮ್‌ಶಾಫ್ಟ್‌ಗಳನ್ನು (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ) ಒಂದಾದ ಮೇಲೊಂದು ಹಾಕಿ ಓಡಿಸಿ ನೋಡಿದ್ದೇನೆ. ಎರಡರಲ್ಲೂ ವಾಲ್ವ್ ತೆರೆದಿರುವ ಅವಧಿ ಕ್ರ್ಯಾಂಕ್‌ಶಾಫ್ಟ್‌ನ 270 ಡಿಗ್ರಿ, ಲಿಫ್ಟ್ (ವಾಲ್ವ್ ಏಳುವ ಎತ್ತರ) ಕೂಡ ಒಂದೇ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬ್‌ಗಳ (ವಾಲ್ವ್ ಒತ್ತುವ ಉಬ್ಬುಗಳ) ನಡುವಿನ ಕೋನ ಮಾತ್ರ ಒಂದರಲ್ಲಿ 108, ಇನ್ನೊಂದರಲ್ಲಿ 114. ಆರು ಡಿಗ್ರಿ ಅಲ್ಪವೆನಿಸಬಹುದು. ಆದರೆ ಕ್ಯಾಮ್‌ನ ಒಂದು ಡಿಗ್ರಿ ಎಂದರೆ ಕ್ರ್ಯಾಂಕ್‌ಶಾಫ್ಟ್‌ನ ಎರಡು ಡಿಗ್ರಿ: ಇನ್‌ಟೇಕ್ ಟೈಮಿಂಗ್ ಬದಲಿಸದೆ ಡಿಗ್ರಿ ಚಕ್ರ, ಡಯಲ್ ಗೇಜ್ ಹಿಡಿದು ಅಳೆದಾಗ, ಪಿಸ್ಟನ್ ತುದಿ ಮುಟ್ಟಿದ ಮೇಲೆ 27 ಡಿಗ್ರಿಗೆ ಮುಚ್ಚುತ್ತಿದ್ದ ಎಕ್ಸಾಸ್ಟ್ ವಾಲ್ವ್ ಈಗ 15 ಡಿಗ್ರಿಗೇ ಮುಚ್ಚುತ್ತಿತ್ತು. ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ 54ರಿಂದ 42 ಡಿಗ್ರಿಗೆ ಇಳಿದಿತ್ತು.

ಟರ್ಬೊ ಇಲ್ಲದಿದ್ದಾಗ 108ರ ಕ್ಯಾಮೇ ಮೇಲು. ವೇಗವಾಗಿ ಹೊರಹೋಗುವ ಅನಿಲ ತನ್ನ ಹಿಂದೆ ಹೊಸ ಗಾಳಿಯನ್ನು ಸಿಲಿಂಡರ್‌ನೊಳಕ್ಕೆ ಸೆಳೆದುಕೊಳ್ಳುವುದರಿಂದ ಹೆಚ್ಚಿನ ಆರ್‌ಪಿಎಂನಲ್ಲಿ ಎಂಜಿನ್ ಹುರುಪಿನಿಂದ ಎಳೆಯುತ್ತಿತ್ತು. ಐಡ್ಲಿಂಗ್‌ನಲ್ಲಿ ಮಾತ್ರ ವ್ಯಾಕ್ಯೂಮ್ ಗೇಜಿನ ಮುಳ್ಳು ನಡುಗುತ್ತಲೇ ಇರುತ್ತಿತ್ತು. 114ರದ್ದು ಹಾಕಿದಾಗ ಆ ನಡುಕ ನಿಂತಿತು, ಎಳೆತವೂ ಮಂಕಾಯಿತು. ಎಕ್ಸಾಸ್ಟ್ ವಾಲ್ವ್ 12 ಡಿಗ್ರಿ ಮೊದಲೇ ತೆರೆದು, ಪಿಸ್ಟನ್ನನ್ನು ಇನ್ನೂ ತಳ್ಳಬಹುದಾಗಿದ್ದ ಒತ್ತಡವನ್ನು ಹೊರಬಿಡುತ್ತಿದ್ದುದೂ ಇದಕ್ಕೆ ಕಾರಣ.

ಟರ್ಬೊ ಬಂದ ಮೇಲೆ ಲೆಕ್ಕ ತಿರುವುಮುರುವಾಯಿತು. ಮೊದಲು ನಷ್ಟವಾಗಿದ್ದ ಆ ಒತ್ತಡವೇ ಈಗ ಟರ್ಬೈನನ್ನು ತಿರುಗಿಸುವುದರಿಂದ, 114ರ ಕ್ಯಾಮ್‌ನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬೇಗ ಏರಿತು. 108ರದ್ದರಲ್ಲಿ, ಟರ್ಬೈನ್ ತಡೆಯಿಂದ ಎಕ್ಸಾಸ್ಟ್ ಕಡೆಯ ಒತ್ತಡ ಬೂಸ್ಟ್‌ಗಿಂತ ಹೆಚ್ಚಾಗಿ, ಓವರ್‌ಲ್ಯಾಪ್ ಹೊತ್ತಿನಲ್ಲಿ ಸುಟ್ಟ ಅನಿಲ ಹಿಂದಕ್ಕೆ ನುಗ್ಗುತ್ತಿತ್ತು. ಆ ಬಿಸಿಗೆ ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಶುರುವಾಗಿ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿಸಬೇಕಾಯಿತು. ಬೂಸ್ಟ್ ಒತ್ತಡವೇ ಮೇಲುಗೈಯಾಗಿರುವ ಎಂಜಿನ್‌ಗಳಿಗೆ ಈ ಮಾತು ಅನ್ವಯಿಸದು. ಆದ್ದರಿಂದ ಟರ್ಬೈನ್‌ಗಿಂತ ಮುಂಚೆ ಸಿಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಅನಿಲ ಹೊರಬರುವ ಕೊಳವೆಗಳ) ಒತ್ತಡವನ್ನು ಅಳೆಯದೆ ಕ್ಯಾಮ್ ಕೊಳ್ಳಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ವಾಲ್ವ್ ಸ್ಪ್ರಿಂಗನ್ನೂ ಕ್ಯಾಮ್ ಜೊತೆಗೇ ಆರಿಸಬೇಕು. 35 ಮಿ.ಮೀ. ವ್ಯಾಸದ ಇನ್‌ಟೇಕ್ ವಾಲ್ವ್‌ನ ಬೆನ್ನಿಗೆ 1 ಬಾರ್ ಬೂಸ್ಟ್ ಒತ್ತಿದರೆ ಸುಮಾರು 10 ಕೆ.ಜಿ. ಭಾರ ಹೇರಿದಂತೆ, ಅಷ್ಟೂ ಸ್ಪ್ರಿಂಗ್‌ಗೆ ಎದುರಾಗಿ. ಹಳೆಯ ಸ್ಪ್ರಿಂಗ್‌ಗಳಲ್ಲಿ ಮೇಲಿನ ಆರ್‌ಪಿಎಂನಲ್ಲಿ ಬರುತ್ತಿದ್ದ ಮಿಸ್‌ಫೈರ್ ಕ್ಯಾಮ್‌ನದೆಂದೇ ಬಹಳ ದಿನ ತಿಳಿದಿದ್ದೆ. ಗಡುಸು ಸ್ಪ್ರಿಂಗ್ ಹಾಕಿದ ದಿನವೇ ಅದು ಹೋಯಿತು.