ಟಕ್ ಟಕ್ ಅನ್ನೋ ಹಾರ್ಡ್ ಡಿಸ್ಕನ್ನು ಯಾರ ಕೈಗೂ ಸುಮ್ನೆ ಕೊಡಬೇಡಿ

ಸದ್ದು ಮಾಡುವ ಹಾರ್ಡ್ ಡಿಸ್ಕನ್ನು "ಇಲ್ಲೇ ಬಿಚ್ಚಿ ನೋಡ್ತೀನಿ ಬಿಡಿ" ಅನ್ನುವವರಿಗೆ ದಯವಿಟ್ಟು ಕೊಡಬೇಡಿ. ನಮ್ಮ ಮನೆಯ 4 ಟಿಬಿ ಡಿಸ್ಕ್ ಹಾಗೇ ಹಾಳಾಯಿತು.

ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿ ಹಗಲು ರಾತ್ರಿ ಆನ್ ಇಟ್ಟಿದ್ದೆವು. ಮಕ್ಕಳ ಫೋಟೋ, ತಂಗಿಯ ಮದುವೆ ವಿಡಿಯೋ, ಅಪ್ಪ ಸ್ಕ್ಯಾನ್ ಮಾಡಿಸಿದ್ದ ಜಮೀನಿನ ಪತ್ರ, ಎಲ್ಲ ಅದರಲ್ಲೇ. ಒಂದು ಸಂಜೆ ಜೋರು ಮಳೆ, ಕರೆಂಟ್ ಹೋಗೋದು ಬರೋದು ಮಾಡಿತು. ಆಮೇಲಿಂದ ಡಿಸ್ಕ್ ಬರೀ ಟಕ್ ಟಕ್.

ಅಂಗಡಿಯವನು ಕಿವಿಗೆ ಹಿಡಿದು ನೋಡಿ "ಬೋರ್ಡ್ ಹೋಗಿದೆ ಸಾರ್, ಅಷ್ಟೇ" ಅಂದ, ಅಂದರೆ ಡಿಸ್ಕಿನ ಹೊರಗಡೆ ಇರುವ ಸರ್ಕ್ಯೂಟ್ ಬೋರ್ಡ್. ಅಡ್ವಾನ್ಸ್ ತಗೊಂಡ. ರಸೀದಿ ಕೇಳಿದರೆ "ವಾಟ್ಸಾಪ್ ಮಾಡ್ತೀನಿ" ಅಂದ, ಮಾಡಲೇ ಇಲ್ಲ. ವಾಪಸ್ ಕೊಟ್ಟಾಗ ನೋಡಿದರೆ ಮುಚ್ಚಳದ ಸ್ಟಿಕ್ಕರನ್ನು ಬ್ಲೇಡಿನಲ್ಲಿ ಕೊಯ್ದಿದ್ದಾರೆ, ಒಂದು ಸ್ಕ್ರೂ ಮಾಯ, ಇನ್ನೆರಡರ ತಲೆ ಸವೆದುಹೋಗಿದೆ. "ಏನೂ ಬರಲ್ಲ ಸಾರ್" ಅಂತ ಕೈಗಿಟ್ಟ. ಬೇರೆ ಲ್ಯಾಬಿಗೆ ಒಯ್ದಾಗ ಪ್ಲ್ಯಾಟರ್ (ಡೇಟಾ ಇರುವ, ಒಳಗೆ ತಿರುಗುವ ತಟ್ಟೆ) ಮೇಲೆ ಬಳೆಯಂತೆ ಗುಂಡಗೆ ಗೀರು ಬಿದ್ದಿರುವುದನ್ನು ತೋರಿಸಿದರು. ಬಿಚ್ಚದೆ ತಂದಿದ್ದರೆ ಹೆಡ್ (ಆ ತಟ್ಟೆಯಿಂದ ಡೇಟಾ ಓದುವ ಭಾಗ) ಬದಲಾಯಿಸಿ ನೋಡಬಹುದಿತ್ತಂತೆ.

ತಿರುಗುವ ಪ್ಲ್ಯಾಟರಿಗೂ ಹೆಡ್ಡಿಗೂ ನಡುವೆ ಇರುವುದು ಕೆಲವೇ ನ್ಯಾನೋಮೀಟರ್ ಸಂದಿ. ಕಣ್ಣಿಗೆ ಕಾಣದ ಧೂಳು ಕೂಡ ಅದಕ್ಕಿಂತ ಎಷ್ಟೋ ದಪ್ಪ, ಇನ್ನು ಫ್ಯಾನ್ ಕೆಳಗೆ ಟೇಬಲ್ ಮೇಲೆ ಬಿಚ್ಚಿದರೆ ಏನು ಉಳಿಯುತ್ತೆ ಹೇಳಿ? ಬೋರ್ಡ್ ಬದಲಾಯಿಸುವ ಮಾತೂ ಅಷ್ಟು ಸಲೀಸಲ್ಲ. ಈಗಿನ ಬಹುತೇಕ ಡಿಸ್ಕುಗಳ ಬೋರ್ಡಿನಲ್ಲಿ ಆ ಡಿಸ್ಕಿಗೇ ಹೊಂದಿಸಿದ ಮಾಹಿತಿ ಇರುತ್ತದೆ, ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ತಂದು ಹಾಕಿದ ಮಾತ್ರಕ್ಕೆ ಸಾಮಾನ್ಯವಾಗಿ ಓಡುವುದಿಲ್ಲ.

ಸದ್ದು ಕೇಳಿದ ತಕ್ಷಣ ಪವರ್ ತೆಗೆಯಿರಿ. ರಿಕವರಿ ಸಾಫ್ಟ್‌ವೇರ್, ಚೆಕ್‌ಡಿಸ್ಕ್ ಏನೂ ಓಡಿಸಬೇಡಿ, ತಿರುಗಿದಷ್ಟೂ ಗೀರು ಜಾಸ್ತಿ. ಕೊಡುವ ಮುಂಚೆ ಸೀರಿಯಲ್ ನಂಬರ್, ಸ್ಕ್ರೂ, ಸ್ಟಿಕ್ಕರ್ ಎಲ್ಲದರ ಫೋಟೋ ತೆಗೆದಿಡಿ. ಕೇಳದೆ ಬಿಚ್ಚುವಂತಿಲ್ಲ ಅಂತ ಬರೆಸಿಕೊಳ್ಳಿ. ಎಲ್ಲಿ ಬಿಚ್ಚುತ್ತೀರಿ, ಜಾಗ ತೋರಿಸಿ ಅನ್ನಿ. ಅಲ್ಲೇ ತಡವರಿಸಿದರೆ ಡಿಸ್ಕ್ ಎತ್ಕೊಂಡು ಬನ್ನಿ.

ಕರೆಂಟಿನ ಕಥೆ ಬೇರೆ. ಆ ಡೆಸ್ಕ್‌ಟಾಪ್ ಸುಮಾರು 80 ವ್ಯಾಟ್ ಎಳೆಯುತ್ತಿತ್ತು, ಅಂದರೆ ತಿಂಗಳಿಗೆ 58 ಯೂನಿಟ್ ಹತ್ತಿರ. ಗೃಹಜ್ಯೋತಿ ಇರುವ ಮನೆಯಲ್ಲಿ ನಿಮಗೆ ಕೊಟ್ಟ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮ ತಲೆಗೆ. ಎರಡು ಡಿಸ್ಕ್ ಹಾಕಿ ರೈಡ್ (RAID, ಅಂದರೆ ಎರಡರಲ್ಲೂ ಅದೇ ಫೈಲ್ ಒಟ್ಟಿಗೇ ಬರೆಯುವ ವ್ಯವಸ್ಥೆ) ಮಾಡಿದರೆ ಬ್ಯಾಕಪ್ಪಿಗೆ ಅಷ್ಟೇ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಒಂದರಲ್ಲಿ ಫೈಲ್ ಅಳಿಸಿದರೆ ಇನ್ನೊಂದರಲ್ಲೂ ಹೋಗುತ್ತೆ, ವೋಲ್ಟೇಜ್ ಏರಿದರೆ ಎರಡೂ ಒಟ್ಟಿಗೇ ಸುಡಬಹುದು, ಅದನ್ನು ಬ್ಯಾಕಪ್ ಅನ್ನೋದು ಹೇಗೆ? ನಾವೀಗ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟಿದ್ದೇವೆ, ಒಂದು ಹುಬ್ಬಳ್ಳಿಯ ಅಣ್ಣನ ಮನೆಯಲ್ಲಿದೆ. ಕಾಪಿ ಮಾಡುವಾಗ ಮಾತ್ರ ಪ್ಲಗ್ ಹಾಕೋದು.

ಅಡ್ವಾನ್ಸ್ ಯುಪಿಐನಲ್ಲಿ ಕೊಟ್ಟಿದ್ದರಿಂದ ಅದೊಂದು ದಾಖಲೆ ಇದೆ. ಅದನ್ನೇ ಹಿಡಿದು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಂಗಡಿಯವನು ಈಗ ಫೋನ್ ಎತ್ತುತ್ತಿಲ್ಲ.