ಪ್ಯಾಸೇಜ್‌ನ ತಿರುಳು ಹಿಡಿಯೋಕೆ ನಾಲ್ಕು ದಾರಿ: ನನಗೆ ಯಾವುದು ಕೈ ಹಿಡಿಯಿತು?

ಸಿಸ್ಯಾಟ್ ಅಂದರೆ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪ್ರಿಲಿಮ್ಸ್‌ನ ಎರಡನೇ ಪೇಪರ್. ಅದರಲ್ಲಿ ಕ್ವಾಲಿಫೈ ಆದ್ರೆ ಸಾಕಲ್ವಾ ಅಂತ ಮೊದಲ ಸಲ ಸುಮ್ನೆ ಹೋಗಿ ಕೂತಿದ್ದೆ. 200ಕ್ಕೆ 33 ಪರ್ಸೆಂಟ್, ಅಂದರೆ 66 ಅಂಕ. ಅಷ್ಟೂ ಬರಲಿಲ್ಲ. ಆಮೇಲೆ ಆನ್ಸರ್ ಕೀ ಹಿಡಿದು ತಾಳೆ ನೋಡಿದರೆ, ನನ್ನನ್ನು ಮುಳುಗಿಸಿದ್ದು ಗಣಿತ ಅಲ್ಲ, ಪ್ಯಾಸೇಜ್, ಅಂದರೆ ಓದಿ ಉತ್ತರಿಸೋಕೆ ಕೊಡುವ ಗದ್ಯಭಾಗ. ಅದರಲ್ಲೂ 'ಈ ಪ್ಯಾಸೇಜ್‌ನ ತಿರುಳು ಏನು' ಅನ್ನುವ ಪ್ರಶ್ನೆಗಳು. ಪೇಪರ್ ಇರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಓದಿದ್ದು ಅರ್ಥ ಆಗುತ್ತಿತ್ತು, ಆದರೆ ನಾಲ್ಕು ಆಪ್ಷನ್ ನೋಡಿದ ಕೂಡಲೇ ನಾಲ್ಕೂ ಸರಿ ಅನ್ನಿಸುತ್ತಿತ್ತು. ಒಂದು ತಪ್ಪಿಗೆ 0.83 ಅಂಕ ಕಟ್.

ಎರಡನೇ ಸಲಕ್ಕೆ ಬೆಂಗಳೂರಿನ ವಿಜಯನಗರದಲ್ಲಿ ರೂಮ್ ಮಾಡಿಕೊಂಡಾಗ ಹಳೇ ಪೇಪರ್‌ಗಳನ್ನು ತಂದು ಒಂದೊಂದು ವಾರ ಒಂದೊಂದು ದಾರಿ ಹಿಡಿದು ನೋಡಿದೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಒಂದು ಪ್ಯಾಸೇಜ್ ಕೂಡ ನಾನೇ ಬರೆದುಕೊಂಡೆ. ಅದನ್ನು ಕನ್ನಡದಲ್ಲೇ ಕೊಡುತ್ತೇನೆ, ನೀವೂ ನೋಡಿ:

"ಬೆಂಗಳೂರಿನ ಕೆರೆಗಳು ಒಣಗಲು ಮಳೆ ಕಡಿಮೆಯಾಗಿರುವುದೇ ಕಾರಣ ಎನ್ನುವವರು ಬಹಳ ಜನ. ಕೆಲವು ವರ್ಷ ಮಳೆ ಕೈಕೊಟ್ಟಿದ್ದೂ ನಿಜ. ಆದರೆ ಈ ಕೆರೆಗಳು ಒಂದಕ್ಕೊಂದು ಸರಪಳಿಯಂತೆ ಸೇರಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಕಾಲುವೆ ಮುಚ್ಚಿದ ಮೇಲೆ ಎಷ್ಟು ಮಳೆ ಬಂದರೂ ನೀರು ರಸ್ತೆಗೆ ನುಗ್ಗುತ್ತದೆ, ಕೆರೆಗಲ್ಲ. ಹೂಳೆತ್ತಿ, ಬೇಲಿ ಹಾಕಿ, ಏರಿಯ ಮೇಲೆ ವಾಕಿಂಗ್ ಪಾತ್ ಮಾಡಿದರೆ ಕೆರೆ ನೋಡಲು ಚೆನ್ನಾಗಿರುತ್ತದೆ, ಅಷ್ಟೇ."

ಆಪ್ಷನ್‌ಗಳು: ಎ) ಮಳೆ ಕಡಿಮೆಯಾಗಿ ಕೆರೆಗಳು ಒಣಗುತ್ತಿವೆ. ಬಿ) ಕೆರೆಗಳ ಹೂಳೆತ್ತಿ ಏರಿಯನ್ನು ಅಭಿವೃದ್ಧಿಪಡಿಸಬೇಕು. ಸಿ) ನೀರು ಬರುವ ದಾರಿ ಉಳಿಯದೆ ಕೆರೆ ಉಳಿಯುವುದಿಲ್ಲ. ಡಿ) ರಾಜಕಾಲುವೆ ಒತ್ತುವರಿ ಮಾಡಿದವರಿಗೆ ಶಿಕ್ಷೆಯಾಗಬೇಕು.

ಮೊದಲು ಹಿಡಿದದ್ದು ಕೋಚಿಂಗ್‌ನಲ್ಲಿ ಹೇಳಿಕೊಟ್ಟ ದಾರಿ: ಮೊದಲ ಸಾಲು ಓದು, ಕೊನೆ ಸಾಲು ಓದು, ಮಧ್ಯದ್ದರ ಮೇಲೆ ಕಣ್ಣಾಡಿಸು. ಇದರಷ್ಟು ಬೇಗ ಮುಗಿಯುವುದು ಬೇರೆ ಇಲ್ಲ. ಸುದ್ದಿ ತರದ, ಮಾಹಿತಿ ಕೊಡುವ ಪ್ಯಾಸೇಜ್‌ಗೆ ಪರವಾಗಿಲ್ಲ, ನಡೆಯುತ್ತೆ. ಆದರೆ ಸಿಸ್ಯಾಟ್ ಪ್ಯಾಸೇಜ್ ಬರೆಯುವವರು ಬಹಳ ಸಲ ಮೊದಲ ಸಾಲಲ್ಲಿ ಊರವರ ಮಾತು ಹೇಳಿ, ಮಧ್ಯದಲ್ಲಿ ಒಂದು 'ಬಟ್' ಹಾಕಿ, ತಮ್ಮ ಮಾತು ಶುರು ಮಾಡುತ್ತಾರೆ. ಕೆರೆ ಪ್ಯಾಸೇಜ್‌ನಲ್ಲಿ ಮೊದಲ ಸಾಲು ಹಿಡಿದರೆ ಎ, ಕೊನೆ ಸಾಲು ಹಿಡಿದರೆ ಬಿ. ಎರಡೂ ತಪ್ಪು. ತಿರುಳು ಕೂತಿರೋದು 'ಆದರೆ' ಆದಮೇಲೆ.

ಎರಡನೆಯದು, ಪ್ರಶ್ನೆ ಮೊದಲು ಓದಿ ಆಮೇಲೆ ಪ್ಯಾಸೇಜ್‌ಗೆ ಬರೋದು. ಕೇಳೋಕೆ ಬಹಳ ಜಾಣತನದ್ದು. ನಾನು ಒಂದು ವಾರ ಪೂರ್ತಿ ಹೀಗೇ ಮಾಡಿ, ಕೊನೆಗೆ ತಲೆ ಚಚ್ಚಿಕೊಂಡೆ. ಯಾಕೆ ಅಂದ್ರೆ ಪ್ರಶ್ನೆಯೇ 'ತಿರುಳು ಏನು' ಅಂತಿದ್ದರೆ ಅದನ್ನು ಮೊದಲು ಓದಿ ಸಿಕ್ಕಿದ್ದೇನು? ಹುಡುಕೋಕೆ ಒಂದು ಹೆಸರಿಲ್ಲ, ಇಸವಿ ಇಲ್ಲ. ಇನ್ನೂ ಕೆಟ್ಟದ್ದು, ಜೊತೆಗೆ ಆಪ್ಷನ್ ಕೂಡ ಓದಿಬಿಟ್ಟರೆ ಅದೇ ಕನ್ನಡಕ ಹಾಕಿಕೊಂಡು ಪ್ಯಾಸೇಜ್ ಓದುತ್ತೇವೆ. ಡಿ ಆಪ್ಷನ್ ನೋಡಿ. ಯಾವ ಬೆಂಗಳೂರಿನವರಿಗೆ ಅದು ತಪ್ಪು ಅನ್ನಿಸುತ್ತೆ ಹೇಳಿ? ಆದರೆ ಶಿಕ್ಷೆಯ ಮಾತು ಪ್ಯಾಸೇಜ್‌ನಲ್ಲಿ ಇಲ್ಲವೇ ಇಲ್ಲ. ಪ್ಯಾಸೇಜ್ ಆಧಾರದ ಮೇಲೆ ಮಾತ್ರ ಉತ್ತರಿಸಿ ಅಂತ ಪೇಪರಲ್ಲೇ ಬರೆದಿರುತ್ತೆ. ನಾವು ಓದೋದಿಲ್ಲ, ಅದು ಬೇರೆ ಮಾತು.

ಆದರೂ ಈ ದಾರಿಯನ್ನು ಬಿಡಲಿಲ್ಲ, ಬ್ಯಾಂಕ್ ಎಕ್ಸಾಮ್‌ಗೆ ಇಟ್ಟುಕೊಂಡೆ. ಬ್ಯಾಂಕ್ ಆಫೀಸರ್ ಹುದ್ದೆಗೆ ನಡೆಯುವ ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್‌ಗೆ 20 ನಿಮಿಷ, 30 ಪ್ರಶ್ನೆ. ಅಲ್ಲಿ ಒಂದು ಉದ್ದನೆ ಪ್ಯಾಸೇಜ್ ಕೊಟ್ಟು ಅದರ ಕೆಳಗೆ ಹಲವು ಪ್ರಶ್ನೆ ಕೇಳುತ್ತಾರೆ: ಲೇಖಕ ಯಾವ ಕಾರಣ ಕೊಟ್ಟ, ಈ ಪದಕ್ಕೆ ಸಮಾನಾರ್ಥಕ ಯಾವುದು, ಹೀಗೆ. ಅಂಥದ್ದಕ್ಕೆ ಪ್ರಶ್ನೆ ಮೊದಲು ನೋಡಿಕೊಂಡರೆ ನಿಜಕ್ಕೂ ಸಮಯ ಉಳಿಯುತ್ತೆ.

ಮೂರನೆಯದು ಪದೇ ಪದೇ ಬರುವ ಪದಕ್ಕೆ ಗೆರೆ ಎಳೆಯೋದು. ಎರಡೇ ದಿನಕ್ಕೆ ಬಿಟ್ಟೆ. ವಿಷಯ ಕೆರೆ ಅಂತ ಗೊತ್ತಾಗುತ್ತೆ, ಕೆರೆಯ ಬಗ್ಗೆ ಏನು ಹೇಳಿದರು ಅಂತ ಗೊತ್ತಾಗಲ್ಲ.

ನಾಲ್ಕನೆಯದನ್ನು ಯಾರೂ ಹೇಳಿಕೊಡಲಿಲ್ಲ, ರೂಮ್‌ಮೇಟ್ ಜೊತೆ ಹರಟುವಾಗ ಸಿಕ್ಕಿತು. ಅವನು ತೀರ್ಥಹಳ್ಳಿ ಕಡೆಯವನು. ಒಂದು ದಿನ ನಾನು ಪ್ಯಾಸೇಜ್ ಓದುತ್ತಾ ಗೊಣಗುತ್ತಿದ್ದಾಗ, "ಅದ್ರಲ್ಲಿ ಏನಿದೆ ಹೇಳು ಮಾರಾಯ, ಒಂದೇ ಮಾತಲ್ಲಿ" ಅಂದ. ಹೇಳಿದೆ. ಹೇಳಿದ ಮೇಲೆ ಆಪ್ಷನ್ ನೋಡಿದರೆ ಉತ್ತರ ಎದುರಿಗೇ ಇತ್ತು. ಅವತ್ತಿಂದ ಇದೇ ರೂಢಿ: ಪೆನ್ ಕೆಳಗಿಟ್ಟು ಪೂರ್ತಿ ಒಂದು ಸಲ ಓದೋದು, ಆಪ್ಷನ್ ಮೇಲೆ ಕೈ ಮುಚ್ಚಿಕೊಂಡು ಮನಸ್ಸಲ್ಲೇ ಕನ್ನಡದಲ್ಲಿ ಒಂದು ಸಾಲು ಹೇಳಿಕೊಳ್ಳೋದು. ಕೆರೆ ಪ್ಯಾಸೇಜ್‌ಗೆ ನನ್ನ ಸಾಲು: 'ಮಳೆದಲ್ಲ ತಪ್ಪು, ನೀರು ಬರೋ ದಾರಿನೇ ಮುಚ್ಚಿದ್ದಾರೆ.' ಈಗ ಕೈ ತೆಗೆದರೆ ಸಿ ಬಿಟ್ಟು ಬೇರೆ ಯಾವುದೂ ಹೊಂದೋದಿಲ್ಲ.

ಇದು ಯಾಕೆ ಕೆಲಸ ಮಾಡುತ್ತೆ ಅಂತ ನನಗೆ ಅರ್ಥವಾಗಿದ್ದು ಸ್ವಲ್ಪ ತಡವಾಗಿ. ತಪ್ಪು ಆಪ್ಷನ್‌ಗಳಲ್ಲಿ ಪ್ಯಾಸೇಜ್‌ನ ಇಂಗ್ಲಿಷ್ ಪದಗಳನ್ನೇ ಎತ್ತಿ ಹಾಕಿರುತ್ತಾರೆ. ಪದ ಪರಿಚಯದ್ದು ಅಂತ ನಾವು ಅದನ್ನೇ ಗುರುತಿಸುತ್ತೇವೆ. ಸರಿ ಉತ್ತರ ಬೇರೆ ಪದಗಳಲ್ಲಿ ಇರುತ್ತೆ. ನನ್ನ ಸಾಲು ಕನ್ನಡದಲ್ಲಿದ್ದರೆ ಪದಕ್ಕೆ ಪದ ಹೊಂದಿಸೋಕೆ ಆಗೋದೇ ಇಲ್ಲ, ಅರ್ಥಕ್ಕೆ ಅರ್ಥ ಹೊಂದಿಸಲೇಬೇಕು. ಕನ್ನಡ ಮೀಡಿಯಂ ಅಂತ ಹಿಂಜರಿಯುತ್ತಿದ್ದವನಿಗೆ ಇಲ್ಲಿ ಅದೇ ಅನುಕೂಲವಾಯಿತು.

ತೊಂದರೆ ಇಲ್ಲ ಅಂತೇನಿಲ್ಲ. 120 ನಿಮಿಷಕ್ಕೆ 80 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ಶುರುವಿನಲ್ಲಿ ಈ ಸಾಲು ಕಟ್ಟೋಕೇ ಅರ್ಧ ನಿಮಿಷ ಹೋಗುತ್ತಿತ್ತು. ತತ್ತ್ವಶಾಸ್ತ್ರದ ತರದ ಪ್ಯಾಸೇಜ್ ಬಂದರೆ ಕನ್ನಡವೂ ಬರಲ್ಲ, ಇಂಗ್ಲಿಷೂ ಉಳಿಯಲ್ಲ. ಅದಕ್ಕೊಂದು ನಿಯಮ ಮಾಡಿಕೊಂಡೆ: ಎರಡು ಸಲ ಓದಿಯೂ ಸಾಲು ಬರದಿದ್ದರೆ ಆ ಪ್ರಶ್ನೆ ಬಿಟ್ಟು ಮುಂದೆ. ತಿರುಳೇ ಸಿಗದೆ ಉತ್ತರ ಗುರುತಿಸಿದರೆ ಅದು ಲಾಟರಿ. ಹೀಗೆ ಬಿಟ್ಟಿದ್ದರಿಂದಲೇ ಎರಡನೇ ಸಲ ನೆಗೆಟಿವ್ ಬಹಳ ಕಡಿಮೆಯಾಯಿತು, ಸಿಸ್ಯಾಟ್ ದಾಟಿದೆ.

ರೂಮ್‌ಮೇಟ್ ಮಾತ್ರ ನನಗೆ ಈ ದಾರಿ ತೋರಿಸಿ ತಾನು ಇನ್ನೂ ಮೊದಲ ಸಾಲು, ಕೊನೆ ಸಾಲಿನಲ್ಲೇ ಇದ್ದಾನೆ. ಕೆರೆ ಪ್ಯಾಸೇಜ್ ಕೊಟ್ಟೆ. ಬಿ ಅಂದ. "ಕೊನೆ ಸಾಲಲ್ಲಿ ಬೇಕಂತಲೇ ಮೋಸ ಮಾಡಿದ್ದೀಯ ಮಾರಾಯ" ಅಂತ ಈಗಲೂ ಫೋನ್ ಮಾಡಿದಾಗೆಲ್ಲ ಜಗಳ ತೆಗೆಯುತ್ತಾನೆ.